ನರಕದ ಬಾಗಿಲ ಒಳಗಿನ ಊರು

ಕಾಗದದ ಮೇಲೆ ಸ್ಟ್ರಾಹನ್, ಜನರ ಬಾಯಲ್ಲಿ ಸ್ಟ್ರಾನ್. ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟ್ಯಾಸ್ಮೇನಿಯಾ ದ್ವೀಪದ ಪಶ್ಚಿಮ ಕರಾವಳಿಯ ಒಂದು ಪುಟ್ಟ ಬಂದರು. ಸಾವಿರ ಜನವೂ ಇಲ್ಲ. ಮುಖ್ಯ ಬೀದಿ ಅಂತ ಇರುವುದು ಒಂದೇ, ಅದೂ ನೀರಿನ ದಡ ಹಿಡಿದು ಬಾಗುತ್ತಾ ಹೋಗುತ್ತದೆ. ಒಂದು ಬದಿಗೆ ಹಳೆಯ ಕಟ್ಟಡಗಳು, ಇನ್ನೊಂದು ಬದಿಗೆ ಧಕ್ಕೆ, ಮೀನು ದೋಣಿಗಳು. ಊರು ಮುಗಿದ ಕಡೆ ಕಾಡು ಶುರು. ಆ ಕಾಡಿನಲ್ಲಿ ದಕ್ಷಿಣಕ್ಕೆ ಹೋಗುತ್ತಾ ಇದ್ದರೆ ದ್ವೀಪದ ತುದಿಯವರೆಗೂ ಇನ್ನೊಂದು ಊರು ಸಿಗುವುದಿಲ್ಲ. ಪಶ್ಚಿಮಕ್ಕೆ ಹಡಗು ಬಿಟ್ಟರೆ ದಕ್ಷಿಣ ಅಮೆರಿಕ ಸಿಗುವ ತನಕ ಬರೀ ಸಮುದ್ರ.

ಹೋದ ಜನವರಿಯಲ್ಲಿ ಅಪ್ಪನನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಮೂರು ರಾತ್ರಿ ಇದ್ದು ಬಂದೆ. ಅಪ್ಪನಿಗೆ ಈಗ 71. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯಾಗುವ ತನಕ ಜಲವಿದ್ಯುತ್ ಕೇಂದ್ರಗಳಲ್ಲೇ ಇದ್ದವರು. ನೀರು ಕಂಡರೆ ಅವರ ಕಣ್ಣು ಮೊದಲು ಎತ್ತರ ಅಳೆಯುತ್ತದೆ. ನಾನು ಅಲ್ಲಿಗೆ ಹೋಗಬೇಕು ಅಂದುಕೊಂಡಿದ್ದು ಕಟ್ಟದೇ ಉಳಿದ ಒಂದು ಅಣೆಕಟ್ಟಿನ ಕಥೆ ಓದಿ. ಅಪ್ಪ ಒಪ್ಪಿಕೊಂಡಿದ್ದು ಆ ದ್ವೀಪದಲ್ಲಿ ಕಟ್ಟಿರುವ ಅಣೆಕಟ್ಟುಗಳನ್ನು ನೋಡಬಹುದು ಅಂತ. ಇಬ್ಬರೂ ಒಂದೇ ಕಾರಿನಲ್ಲಿ ಹೊರಟೆವು.

ಟ್ಯಾಸ್ಮೇನಿಯಾದ ರಾಜಧಾನಿ ಹೋಬಾರ್ಟ್‌ನಿಂದ ಸ್ಟ್ರಾನ್‌ಗೆ ಸುಮಾರು 300 ಕಿ.ಮೀ. ಐದು ಗಂಟೆ ಸಾಕು ಅನ್ನುತ್ತಾರೆ. ನಮಗೆ ಎಂಟು ಗಂಟೆ ಹಿಡಿಯಿತು, ಯಾಕೆಂದರೆ ಲಯಲ್ ಹೆದ್ದಾರಿಯಲ್ಲಿ ನೀರು ಕಂಡಲ್ಲೆಲ್ಲ ಅಪ್ಪ ಇಳಿಯುತ್ತಿದ್ದರು. ಈ ರಸ್ತೆ ಆಗಿದ್ದೇ 1932ರಲ್ಲಿ. ಅದಕ್ಕೂ ಮೊದಲು ರಾಜಧಾನಿಯಿಂದ ಪಶ್ಚಿಮ ಕರಾವಳಿಗೆ ನೇರ ರಸ್ತೆಯೇ ಇರಲಿಲ್ಲ, ಜನ ಬೇರೆ ದಾರಿಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಡರ್ವೆಂಟ್ ಬ್ರಿಡ್ಜ್ ದಾಟಿದ ಮೇಲೆ ಮನೆ, ಬೇಲಿ, ದನ ಯಾವುದೂ ಕಾಣುವುದಿಲ್ಲ. ಮೊಬೈಲ್ ಸಿಗ್ನಲ್ ಹೋಗುತ್ತದೆ. ಪೆಟ್ರೋಲ್ ಮೊದಲೇ ತುಂಬಿಸಿಕೊಂಡಿರಬೇಕು. ಮತ್ತೆ, ಸಂಜೆಯಾದ ಮೇಲೆ ಈ ರಸ್ತೆಯಲ್ಲಿ ಗಾಡಿ ಓಡಿಸಬೇಡಿ. ವಾಲಬಿ, ವೊಂಬ್ಯಾಟ್, ಟ್ಯಾಸ್ಮೇನಿಯನ್ ಡೆವಿಲ್ ಎಲ್ಲ ಕತ್ತಲಾಗುವ ಹೊತ್ತಿಗೆ ರಸ್ತೆಗೆ ಬರುತ್ತವೆ. ಬೆಳಗ್ಗೆ ಹೋದರೆ ಹಿಂದಿನ ರಾತ್ರಿ ಸತ್ತವು ರಸ್ತೆ ಬದಿಯಲ್ಲಿ ಬಿದ್ದಿರುತ್ತವೆ. ನೋಡಿ ಹೊಟ್ಟೆ ಕಿವುಚಿದ ಹಾಗಾಯಿತು.

ಒಂದು ಕಡೆ ಹೆದ್ದಾರಿ ಫ್ರಾಂಕ್ಲಿನ್ ನದಿಯನ್ನು ದಾಟುತ್ತದೆ. ನಾನು ಓದಿದ್ದ, ಕಟ್ಟದೇ ಉಳಿದ ಅಣೆಕಟ್ಟಿನ ಕಥೆಯ ನದಿ ಇದೇ. ಅಲ್ಲಿ ಅದು ಇನ್ನೂ ಚಿಕ್ಕ ಹೊಳೆ. ಕಲ್ಲುಗಳ ನಡುವೆ ಕಾಫಿ ಡಿಕಾಕ್ಷನ್ ಬಣ್ಣದ ನೀರು. ಅಪ್ಪ ಸೇತುವೆಯ ಕೆಳಗೆ ಇಳಿದು ಬೊಗಸೆಯಲ್ಲಿ ಎತ್ತಿಕೊಂಡರು. ಕೈಯಲ್ಲಿದ್ದಾಗ ಅದು ಕಪ್ಪಲ್ಲ, ತಿಳಿ. ಜೇನಿನ ಬಣ್ಣ ಅಷ್ಟೇ. ಕೊಳೆ ಇಲ್ಲ, ಕೆಸರಿಲ್ಲ. ಬಟನ್‌ಗ್ರಾಸ್ ಅನ್ನುವ ಒಂದು ಜಾತಿಯ ಹುಲ್ಲಿನ ಬಯಲುಗಳಿಂದ, ಕೊಳೆತ ಎಲೆ ಬೇರುಗಳಿಂದ ಒಗರು ಇಳಿದು ನೀರಿಗೆ ಬಣ್ಣ ಬರುತ್ತದೆ, ಚಹಾ ಸೊಪ್ಪು ನೆನೆಸಿದ ಹಾಗೆ. "ಇದಕ್ಕೇನಾ ಅಷ್ಟೊಂದು ಗಲಾಟೆ ಆಗಿದ್ದು?" ಅಂದರು ಅಪ್ಪ. ಹೌದು ಅಂದೆ. ಬೊಗಸೆಯ ನೀರು ಚೆಲ್ಲಿ, ಕೈ ಒರೆಸಿಕೊಂಡು ಕಾರು ಹತ್ತಿದರು.

ಕ್ವೀನ್ಸ್‌ಟೌನ್‌ಗೆ ಇಳಿಯುವ ಮೊದಲು ಬರ್ಬರಿ ಎಂಬ ಕೆರೆ ಬರುತ್ತದೆ. ಕೆರೆ ಅಂದೆ, ನಿಜವಾಗಿ ಅಣೆಕಟ್ಟಿನ ಹಿನ್ನೀರು. ಫ್ರಾಂಕ್ಲಿನ್ ಯೋಜನೆ ನಿಂತ ಮೇಲೆ ಅದರ ಬದಲಿಗೆ ಕೈಗೆತ್ತಿಕೊಂಡ ಕೆಲಸಗಳಲ್ಲಿ ಕಿಂಗ್ ನದಿಯ ಈ ಯೋಜನೆಯೂ ಒಂದು. ಹಳೆಯ ಕ್ರಾಟಿ ಎಂಬ ಗಣಿ ಊರಿನ ಜಾಗ ಇದರ ಅಡಿಯಲ್ಲಿದೆ. ಸೇತುವೆಯ ಮೇಲೆ ನಿಂತು ಅಪ್ಪ ತುಂಬಾ ಹೊತ್ತು ನೋಡಿದರು. ಆಮೇಲೆ ಕ್ವೀನ್ಸ್‌ಟೌನ್. ಆ ಊರಿನ ಮೇಲಿನ ಗುಡ್ಡಗಳು ಬೋಳು. ಗುಲಾಬಿ, ಬೂದಿ, ಹಳದಿ ಬಣ್ಣದ ಬರೀ ಬಂಡೆ. ತಾಮ್ರ ಕರಗಿಸುವ ಕುಲುಮೆಗಳಿಗೆ ಮರ ಕಡಿದರು, ಕುಲುಮೆಯಿಂದ ಬಂದ ಗಂಧಕದ ಹೊಗೆ ಉಳಿದ ಗಿಡವನ್ನೂ ಸುಟ್ಟಿತು, ಆಮೇಲೆ ಮಳೆ ಮಣ್ಣನ್ನೇ ತೊಳೆದುಕೊಂಡು ಹೋಯಿತು. ಇಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅಷ್ಟು ಮಳೆ ಬೀಳುವ ಜಾಗದಲ್ಲಿ ಮರವಿಲ್ಲದ ಗುಡ್ಡ ನೋಡುವುದು ಒಂಥರಾ ಸಂಕಟ. ಹತ್ತು ನಿಮಿಷದ ಹಿಂದೆ ಸೂರ್ಯನ ಬೆಳಕೇ ಬೀಳದ ಕಾಡಿನಲ್ಲಿದ್ದೆವು.

ಅಲ್ಲಿಂದ 40 ಕಿ.ಮೀ. ತಿರುವುಗಳ ರಸ್ತೆ ಇಳಿದರೆ ಸ್ಟ್ರಾನ್. ಮಳೆಯಲ್ಲೇ ತಲುಪಿದೆವು.

ಮರುದಿನ ಬೆಳಗ್ಗೆ ಎದ್ದು ಕಿಟಕಿ ತೆಗೆದರೆ ಮಳೆ ನಿಂತಿತ್ತು. ಮೊದಲು ಹೋಗಿದ್ದು ಧಕ್ಕೆಯ ಪಕ್ಕದಲ್ಲೇ ಇರುವ ಮರದ ಮಿಲ್ಲಿಗೆ. ನೋಡುವುದು ಏನಿದೆ ಅಂತ ಅಪ್ಪ ಹೊರಗೇ ನಿಂತಿದ್ದರು, ವಾಸನೆ ಮೂಗಿಗೆ ಬಡಿದ ಮೇಲೆ ತಾವಾಗೇ ಒಳಗೆ ಬಂದರು. ಹ್ಯೂಆನ್ ಪೈನ್ ಮರದ ವಾಸನೆ ಅದು. ಲವಂಗವನ್ನೂ ತುಳಸಿಯನ್ನೂ ಒಟ್ಟಿಗೆ ಜಜ್ಜಿದ ಹಾಗೆ, ಸ್ವಲ್ಪ ಸಿಹಿ. ಈ ಮರದೊಳಗೆ ಮೀಥೈಲ್ ಯೂಜೆನಾಲ್ ಎಂಬ ಎಣ್ಣೆ ಇದೆ. ಅದರಿಂದಾಗಿ ಮರ ಕೊಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ. ನೂರಾರು ವರ್ಷ ಕಾಡಿನ ನೆಲದಲ್ಲಿ ಒದ್ದೆಯಲ್ಲಿ ಬಿದ್ದಿದ್ದ ದಿಮ್ಮಿಯನ್ನು ಎತ್ತಿ ತಂದು ಕುಯ್ದರೂ ಒಳಗೆ ಹೊಸ ಮರದ ಹಾಗೇ ಹಳದಿ. ಹಡಗು ಕಟ್ಟುವವರಿಗೆ ಇದಕ್ಕಿಂತ ಬೇರೆ ಏನು ಬೇಕು? ಹೇಳಿ.

ಆದರೆ ಈ ಮರದ ದಪ್ಪ ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಆಸುಪಾಸು ಏರುತ್ತದೆ. ಎರಡು ಸಾವಿರ ವರ್ಷ ದಾಟಿದ ಮರಗಳಿವೆ, ಮೂರು ಸಾವಿರ ಮುಟ್ಟಿದವೂ ಇವೆ. ಈಗ ಜೀವಂತ ಮರ ಕಡಿಯುವ ಹಾಗಿಲ್ಲ. ಬಿದ್ದ ದಿಮ್ಮಿ, ನದಿಯಲ್ಲಿ ತೇಲಿ ಬಂದದ್ದು, ಅಣೆಕಟ್ಟು ಕಟ್ಟುವ ಮೊದಲು ಮುಳುಗಡೆ ಜಾಗದಿಂದ ತೆಗೆದು ಇಟ್ಟದ್ದು, ಇಂಥವನ್ನೇ ಕುಯ್ಯುತ್ತಾರೆ. ಮಿಲ್ಲಿನಲ್ಲಿ ಕೆಲಸ ಮಾಡುವ ಒಬ್ಬರು ಅಪ್ಪನ ಕೈಗೆ ಅಂಗೈ ಅಗಲದ ಒಂದು ತುಂಡು ಕೊಟ್ಟರು. ಅಡ್ಡ ಕುಯ್ದ ತುಂಡು. ಗೆರೆಗಳು ಎಷ್ಟು ಹತ್ತಿರ ಇದ್ದವೆಂದರೆ ಮೊದಲು ಅವು ಗೆರೆ ಅಂತಲೇ ಗೊತ್ತಾಗಲಿಲ್ಲ, ಬಣ್ಣ ಅಂದುಕೊಂಡೆ. ಅಪ್ಪ ಕನ್ನಡಕ ಹಣೆಗೇರಿಸಿ, ತುಂಡನ್ನು ಕಣ್ಣಿನ ಹತ್ತಿರ ಹಿಡಿದು, ಪೆನ್ನಿನ ತುದಿಯಿಂದ ಎಣಿಸಲು ಶುರು ಮಾಡಿದರು. ಎಣಿಸಿದರು, ಎಣಿಸಿದರು. ನಾನು ಪಕ್ಕದಲ್ಲಿ ನಿಂತೇ ಇದ್ದೆ. ಕೊನೆಗೆ ಎರಡು ಬೆರಳು ಆ ಗೆರೆಗಳ ಮೇಲೆ ಒತ್ತಿ ಹಿಡಿದು, "ನೋಡು ಪುಟ್ಟಿ, ನಾನು ಇಷ್ಟೇ" ಅಂದರು. 71 ವರ್ಷ ಎರಡು ಬೆರಳಿನ ಅಗಲದಲ್ಲಿ ಮುಗಿದಿತ್ತು. ತುಂಡು ಇನ್ನೂ ಉಳಿದಿತ್ತು.

ಕೀಸುಳಿ ಹಿಡಿದು ತೆಗೆದ ಒಂದು ಸಿಪ್ಪೆಯನ್ನೂ ಕೊಟ್ಟರು, ಸುರುಳಿ ಸುತ್ತಿದ್ದು, ಕಾಗದಕ್ಕಿಂತ ತೆಳು. ಅಪ್ಪ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಆ ಮಧ್ಯಾಹ್ನ ಸುಮ್ನೆ ಊರು ಸುತ್ತಿದೆವು. ಪೀಪಲ್ಸ್ ಪಾರ್ಕ್‌ನಿಂದ ಹೋಗಾರ್ತ್ ಜಲಪಾತಕ್ಕೆ ಒಂದು ಕಾಲುದಾರಿ ಇದೆ, ಹೋಗಿ ಬರಲು ಮುಕ್ಕಾಲು ಗಂಟೆ, ವಯಸ್ಸಾದವರೂ ಆರಾಮವಾಗಿ ನಡೆಯಬಹುದು. ಪಕ್ಕದ ತೊರೆಯಲ್ಲಿ ಪ್ಲಾಟಿಪಸ್ ಇವೆಯಂತೆ, ನಮಗೆ ಕಾಣಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ರೆಗಾಟಾ ಪಾಯಿಂಟ್ ಸ್ಟೇಷನ್. ಕ್ವೀನ್ಸ್‌ಟೌನ್‌ನ ತಾಮ್ರವನ್ನು ಬಂದರಿಗೆ ತರಲು 1890ರ ದಶಕದಲ್ಲಿ ಹಾಕಿದ ರೈಲು, 1899ರಲ್ಲಿ ಇಲ್ಲಿಯವರೆಗೆ ಬಂತು. ಬೆಟ್ಟ ಕಡಿದಾದ ಕಡೆ ಎರಡು ಹಳಿಗಳ ನಡುವೆ ಹಲ್ಲಿರುವ ಮೂರನೇ ಹಳಿ, ಇಂಜಿನ್ ಕೆಳಗಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಸ್ವಿಟ್ಜರ್ಲೆಂಡಿನ ರೋಮನ್ ಆಪ್ಟ್ ಮಾಡಿದ ವ್ಯವಸ್ಥೆ ಇದು. 1963ರಲ್ಲಿ ನಿಂತುಹೋಯಿತು, 2002ರಲ್ಲಿ ಪ್ರವಾಸಿಗರಿಗಾಗಿ ಮತ್ತೆ ಪೂರ್ತಿ ಓಡಿತು. ಅಪ್ಪ ಹಳಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದನ್ನು ಮುಟ್ಟಿ ನೋಡಿದರು. ನಮಗೆ ಟಿಕೆಟ್ ಸಿಗಲಿಲ್ಲ. ಜನವರಿ ಅಲ್ಲಿ ಬೇಸಿಗೆ ರಜೆಯ ಕಾಲ, ನೀವು ಹೋಗುವುದಾದರೆ ಮೊದಲೇ ಬುಕ್ ಮಾಡಿ.

ಸಂಜೆ ಧಕ್ಕೆಯ ಬೆಂಚಿನಲ್ಲಿ ಕೂತಿದ್ದಾಗ ಒಬ್ಬ ಹಿರಿಯರು ಮಾತಿಗೆ ಸಿಕ್ಕರು. ಬಲೆ ಸರಿಮಾಡುತ್ತಿದ್ದರು. ಅಪ್ಪ ತಮ್ಮ ಕೆಲಸ ಏನಾಗಿತ್ತು ಅಂತ ಹೇಳಿದ್ದೇ ತಡ, ಅವರು ಬಲೆ ಪಕ್ಕಕ್ಕಿಟ್ಟರು. "ಹಾಗಾದರೆ ನಿಮಗೆ ಅರ್ಥವಾಗುತ್ತೆ" ಅಂದರು.

ಅವರು ಹೇಳಿದ್ದನ್ನೂ, ನಾನು ಓದಿಕೊಂಡು ಹೋಗಿದ್ದನ್ನೂ ಸೇರಿಸಿ ಹೇಳುತ್ತೇನೆ. ಟ್ಯಾಸ್ಮೇನಿಯಾದಲ್ಲಿ ಅಣೆಕಟ್ಟು ಅಂದರೆ ಕೆಲಸ, ಕಾರ್ಖಾನೆ, ಬೆಳಕು. ದಶಕಗಳ ಕಾಲ ಅದಕ್ಕೆ ಎದುರು ಮಾತೇ ಇರಲಿಲ್ಲ. 1972ರಲ್ಲಿ ಪೆಡರ್ ಎಂಬ ಸುಂದರ ಸರೋವರವನ್ನು ಮುಳುಗಿಸಿದರು, ಬೇಡ ಎಂದವರು ಸೋತರು. 1974ರ ಹೊತ್ತಿಗೆ ಗಾರ್ಡನ್ ನದಿಗೆ 140 ಮೀಟರ್ ಎತ್ತರದ ಕಮಾನು ಅಣೆಕಟ್ಟು ಎದ್ದಿತು. ಆಮೇಲೆ ಇನ್ನೂ ಕೆಳಗೆ, ಫ್ರಾಂಕ್ಲಿನ್ ಬಂದು ಗಾರ್ಡನ್‌ಗೆ ಸೇರುವ ಜಾಗದ ಕೆಳಗೆ, ಇನ್ನೊಂದು ಕಟ್ಟಬೇಕು ಅಂತಾಯಿತು. 1981ರ ಡಿಸೆಂಬರ್‌ನಲ್ಲಿ ಜನರ ಮತ ಕೇಳಿದರು. ಮತಪತ್ರದಲ್ಲಿ ಇದ್ದದ್ದು ಎರಡೇ ಆಯ್ಕೆ, ಈ ಅಣೆಕಟ್ಟೋ ಆ ಅಣೆಕಟ್ಟೋ. ಯಾವುದೂ ಬೇಡ ಅನ್ನಲು ಜಾಗವೇ ಇರಲಿಲ್ಲ. ಆಗ ಮತ ಹಾಕಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಚೀಟಿಯ ಮೇಲೆ "ನೋ ಡ್ಯಾಮ್ಸ್" ಅಂತ ಕೈಯಲ್ಲೇ ಬರೆದು ಹಾಕಿದರು. ಈ ವಿಷಯ ಓದಿದಾಗಲೇ ನನಗೆ ಆ ಊರಿಗೆ ಹೋಗಬೇಕು ಅನ್ನಿಸಿದ್ದು.

1982ರ ಡಿಸೆಂಬರ್ 14ರಂದು ತಡೆ ಚಳವಳಿ ಶುರುವಾಯಿತು. ಅದೇ ದಿನ ಆ ಕಾಡು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಚಳವಳಿಯ ತಳ ಈ ಸ್ಟ್ರಾನ್. ದೇಶದ ಮೂಲೆ ಮೂಲೆಯಿಂದ ಬಂದವರು ಇಲ್ಲೇ ಟೆಂಟ್ ಹಾಕಿದರು, ಇಲ್ಲಿಂದ ದೋಣಿಯಲ್ಲಿ ನದಿಗೆ ಹೋಗಿ, ಗಾಳಿ ತುಂಬಿದ ರಬ್ಬರ್ ತೆಪ್ಪಗಳಲ್ಲಿ ಕೂತು, ಅಣೆಕಟ್ಟಿನ ಕೆಲಸಕ್ಕೆ ಯಂತ್ರ ಸಾಗಿಸುವ ಬಾರ್ಜ್‌ಗಳಿಗೆ ಅಡ್ಡ ನಿಂತರು. ಮುಂದೆ ನಿಂತವರು ಬಾಬ್ ಬ್ರೌನ್ ಎಂಬ ವೈದ್ಯರು, ಅವರೂ ಜೈಲಿಗೆ ಹೋದರು. ಬ್ರಿಟನ್ನಿನ ಸಸ್ಯವಿಜ್ಞಾನಿ ಡೇವಿಡ್ ಬೆಲಮಿ ಅವರನ್ನೂ ಬಂಧಿಸಿದರು. ಒಟ್ಟು ಬಂಧನಕ್ಕೊಳಗಾದವರು 1,200ಕ್ಕೂ ಜಾಸ್ತಿ. ಅಂದರೆ ಊರಿನ ಜನಸಂಖ್ಯೆಗಿಂತಲೂ ಹೆಚ್ಚು!

"ನನಗೆ ಆಗ ಹತ್ತೊಂಬತ್ತು" ಅಂದರು ಆ ಹಿರಿಯರು. "ಅಣೆಕಟ್ಟು ಬೇಕು ಅಂತ ಕೂಗಿದವರಲ್ಲಿ ನಾನೂ ಒಬ್ಬ. ಡ್ರೈವರ್ ಕೆಲಸ ಸಿಗುತ್ತೆ ಅಂತ ಹೇಳಿದ್ದರು. ನನ್ನ ಅಕ್ಕ ಆ ಟೆಂಟಿನವರಿಗೆ ಬ್ರೆಡ್ ಮಾಡಿ ಕೊಡುತ್ತಿದ್ದಳು. ನಾಲ್ಕು ವರ್ಷ ನಾವು ಮಾತಾಡಲಿಲ್ಲ." ಪಶ್ಚಿಮ ಕರಾವಳಿಯ ಹೆಚ್ಚಿನವರು ಅಂದು ಅಣೆಕಟ್ಟಿನ ಪರವಾಗಿಯೇ ಇದ್ದರು. ಗಣಿ ಸೊರಗುತ್ತಿತ್ತು, ರೈಲು ನಿಂತಿತ್ತು, ಹುಡುಗರು ಊರು ಬಿಡುತ್ತಿದ್ದರು. ಇದನ್ನು ನಾನು ಓದಿದ ಕಡೆಗಳಲ್ಲಿ ಒಂದು ಸಾಲಿನಲ್ಲಿ ಮುಗಿಸಿದ್ದರು. ಅವರ ಬಾಯಿಂದ ಕೇಳಿದಾಗ ಅದು ಒಂದು ಸಾಲಿನ ವಿಷಯ ಅಲ್ಲ ಅನ್ನಿಸಿತು.

ಅಪ್ಪ ಅವರನ್ನು ಒಂದೇ ಪ್ರಶ್ನೆ ಕೇಳಿದರು, ಈಗ ಏನನ್ನಿಸುತ್ತೆ ಅಂತ. ಅವರು ಧಕ್ಕೆಗೆ ಕಟ್ಟಿದ್ದ ಪ್ರವಾಸಿ ದೋಣಿ ತೋರಿಸಿ, "ನನ್ನ ಮೊಮ್ಮಗಳು ಅದರಲ್ಲಿ ಕೆಲಸ ಮಾಡ್ತಾಳೆ" ಅಂದರು. ಬಲೆ ಮತ್ತೆ ಮಡಿಲಿಗೆ ಎಳೆದುಕೊಂಡರು.

ಮೂರನೇ ದಿನ ಅದೇ ಥರದ ಒಂದು ದೋಣಿ ಹತ್ತಿದೆವು. ಸುಮಾರು ಆರು ಗಂಟೆಯ ಪ್ರಯಾಣ. ಸ್ಟ್ರಾನ್ ಯಾವುದರ ದಡದಲ್ಲಿದೆಯೋ ಆ ಮೆಕ್ವಾರಿ ಹಾರ್ಬರ್ ಎಷ್ಟು ದೊಡ್ಡದು ಅಂತ ನೀರಿಗಿಳಿದ ಮೇಲೆಯೇ ಗೊತ್ತಾಗುವುದು. ಸುಮಾರು 315 ಚದರ ಕಿ.ಮೀ., ಸಿಡ್ನಿ ಬಂದರಿನ ಐದಾರು ಪಟ್ಟು. ಇಷ್ಟು ದೊಡ್ಡ ನೀರಿಗೆ ಸಮುದ್ರದ ಕಡೆ ಇರುವುದು ಒಂದು ಚಿಕ್ಕ ಅಳಿವೆ. ಅದರ ಹೆಸರು ಹೆಲ್ಸ್ ಗೇಟ್ಸ್, ನರಕದ ಬಾಗಿಲು. ಕಿರಿದು, ಆಳ ಕಡಿಮೆ, ಹೊರಗೆ ರೋರಿಂಗ್ ಫಾರ್ಟೀಸ್ ಎಂಬ ಪಶ್ಚಿಮದ ಗಾಳಿ ಸಾವಿರಾರು ಮೈಲಿಯಿಂದ ಅಡ್ಡಿಯಿಲ್ಲದೆ ತಳ್ಳಿಕೊಂಡು ಬರುವ ಅಲೆ. ಆ ದಿನ ಅಲೆ ಜೋರಿದ್ದುದರಿಂದ ನಮ್ಮ ದೋಣಿ ಬಾಗಿಲ ತನಕ ಹೋಗಿ ತಿರುಗಿತು, ಹೊರಗೆ ಹೋಗಲಿಲ್ಲ. ಒಳಗೆ ನೀರು ತಟ್ಟೆಯಲ್ಲಿಟ್ಟ ಹಾಗೆ ನಿಂತಿದೆ, ಬಂಡೆಯಾಚೆ ಬಿಳಿ ನೊರೆ ಮರದೆತ್ತರ ಏಳುತ್ತಿದೆ. ಆ ಹೆಸರು ಇಟ್ಟವರು ಕೈದಿಗಳು ಅನ್ನುತ್ತಾರೆ. ಅವರಿಗೆ ನರಕ ಇದ್ದದ್ದು ಬಾಗಿಲ ಈಚೆ.

ಈಚೆ ಇರುವುದು ಸಾರಾ ದ್ವೀಪ. 1822ರಿಂದ 1833ರವರೆಗೆ ಅದು ಜೈಲು. ಬೇರೆ ಕಡೆ ಶಿಕ್ಷೆ ಅನುಭವಿಸುತ್ತಿರುವಾಗ ಮತ್ತೆ ತಪ್ಪು ಮಾಡಿದವರನ್ನು ಇಲ್ಲಿಗೆ ಕಳಿಸುತ್ತಿದ್ದರು. ಗೋಡೆ ಬೇಕಿರಲಿಲ್ಲ, ಸುತ್ತ ನೀರು, ನೀರಿನಾಚೆ ಕಾಡು. ಓಡಿಹೋದವರಲ್ಲಿ ಹೆಚ್ಚಿನವರು ಕಾಡಿನಲ್ಲಿ ಹಸಿವಿನಿಂದ ಸತ್ತರು ಅಥವಾ ಬಳಲಿ ವಾಪಸ್ ಬಂದರು. ಕೈದಿಗಳು ಚಳಿ ನೀರಿನಲ್ಲಿ ಎದೆಮಟ್ಟ ನಿಂತು ಹ್ಯೂಆನ್ ಪೈನ್ ದಿಮ್ಮಿಗಳನ್ನು ಎಳೆದರು. ಆ ಮರದಿಂದ ನೂರಕ್ಕೂ ಹೆಚ್ಚು ಹಡಗು, ದೋಣಿ ಕಟ್ಟಿದರು. ದ್ವೀಪದ ಮರವನ್ನೆಲ್ಲ ಕಡಿದ ಮೇಲೆ ಗಾಳಿ ತಡೆಯಲಾಗದೆ ಮರದ ಎತ್ತರದ ಬೇಲಿ ಹಾಕಬೇಕಾಯಿತಂತೆ. ಜೈಲು ಮುಚ್ಚಿದ ಮೇಲೆ ಅರ್ಧ ಉಳಿದಿದ್ದ ಫ್ರೆಡರಿಕ್ ಎಂಬ ಹಡಗನ್ನು ಮುಗಿಸಲು ಕೆಲವರನ್ನು ಉಳಿಸಿಕೊಂಡಿದ್ದರು. 1834ರ ಜನವರಿಯಲ್ಲಿ ಅವರಲ್ಲಿ ಹತ್ತು ಜನ ಆ ಹಡಗನ್ನೇ ವಶ ಮಾಡಿಕೊಂಡು, ಪೆಸಿಫಿಕ್ ದಾಟಿ ಚಿಲಿಗೆ ಹೋಗಿಬಿಟ್ಟರು! ತಾವು ಕಟ್ಟಿದ ಹಡಗು, ತಮ್ಮ ಕೈಯ ಮರ. ಈಗ ಆ ದ್ವೀಪದ ತುಂಬಾ ಮತ್ತೆ ಮರ ಬೆಳೆದಿದೆ. ಇಟ್ಟಿಗೆಯ ಗೋಡೆಗಳನ್ನು ಬೇರು ಹಿಡಿದುಕೊಂಡಿದೆ.

ಆಮೇಲೆ ದೋಣಿ ಗಾರ್ಡನ್ ನದಿಗೆ ತಿರುಗಿತು. ತಿರುಗಿದ ಕೂಡಲೇ ಇಂಜಿನ್ ಸದ್ದು ಇಳಿಯಿತು. ದೋಣಿಯ ಅಲೆಗೆ ದಡ ಕುಸಿಯುತ್ತದೆ, ಅದಕ್ಕೇ ಇಲ್ಲಿ ನಿಧಾನ ಹೋಗಬೇಕು ಅಂತ ನಿಯಮ. ಒಬ್ಬೊಬ್ಬರಾಗಿ ಎಲ್ಲರೂ ಮಾತು ನಿಲ್ಲಿಸಿದರು. ಯಾರೂ ಹೇಳಿದ್ದಲ್ಲ. ಎರಡೂ ಬದಿಯಲ್ಲಿ ಕಾಡು ನೀರಿನ ಮೇಲೇ ಬಾಗಿ ನಿಂತಿದೆ, ಕಪ್ಪು ನೀರಿನಲ್ಲಿ ಅದೇ ಕಾಡು ತಲೆಕೆಳಗಾಗಿ ಇನ್ನೊಂದು ಸಲ ಇದೆ, ಎರಡೂ ಕೂಡುವ ಗೆರೆ ಎಲ್ಲಿ ಅಂತ ಹುಡುಕಬೇಕು. ಕೆಳಗೆ ಸಮುದ್ರದ ಉಪ್ಪು ನೀರು, ಅದರ ಮೇಲೆ ಈ ಸಿಹಿ ನೀರಿನ ಪದರ. ಲೆದರ್‌ವುಡ್ ಮರಗಳು ಹೂ ಬಿಟ್ಟಿದ್ದವು, ನಾಲ್ಕು ಎಸಳಿನ ಬಿಳಿ ಹೂ. ಎಸಳುಗಳು ನೀರಿನ ಮೇಲೆ ಬಿದ್ದು, ಹರಿಯುತ್ತಿರುವುದೇ ಗೊತ್ತಾಗದಷ್ಟು ನಿಧಾನಕ್ಕೆ ಹೋಗುತ್ತಿದ್ದವು.

ಅಣೆಕಟ್ಟು ಬರಬೇಕಿದ್ದ ಜಾಗ ಇನ್ನೂ ಮೇಲೆ. ಪ್ರವಾಸಿ ದೋಣಿಗಳು ಅಲ್ಲಿಯವರೆಗೆ ಹೋಗುವುದಿಲ್ಲ. ಅದು ಕಟ್ಟಿದ್ದರೆ ಫ್ರಾಂಕ್ಲಿನ್ ಕಣಿವೆಯ ಕೆಳಭಾಗ ಮುಳುಗುತ್ತಿತ್ತು. ಅದರ ದಡದಲ್ಲಿ ಕುಟಿಕಿನಾ ಎಂಬ ಗುಹೆ ಇದೆ. ಹಿಮಯುಗದಲ್ಲಿ, ಸುಮಾರು 20,000 ವರ್ಷದ ಹಿಂದೆ, ಅಲ್ಲಿ ಮನುಷ್ಯರು ಬೆಂಕಿ ಹಾಕಿ ಕೂತಿದ್ದರು, ವಾಲಬಿ ಬೇಯಿಸಿ ತಿಂದಿದ್ದರು. ಮೂಳೆ, ಕಲ್ಲಿನ ಆಯುಧ ಎಲ್ಲ ಹಾಗೇ ಸಿಕ್ಕವು. ಯಾರೂ ಇಲ್ಲದ ಕಾಡು ಅಂತ ಎಲ್ಲರೂ ಹೇಳುತ್ತಿದ್ದ ಜಾಗದಲ್ಲಿ ಅಷ್ಟು ಹಳೆಯ ಒಲೆ! 1983ರ ಮಾರ್ಚ್‌ನಲ್ಲಿ ದೇಶದ ಸರ್ಕಾರ ಬದಲಾಯಿತು, ಬಾಬ್ ಹಾಕ್ ಪ್ರಧಾನಿಯಾದರು, ಅಣೆಕಟ್ಟು ತಡೆಯುವ ಕಾನೂನು ಬಂತು, ಟ್ಯಾಸ್ಮೇನಿಯಾ ಸರ್ಕಾರ ಒಪ್ಪಲಿಲ್ಲ, ಕೊನೆಗೆ ಆ ವರ್ಷ ಜುಲೈ 1ರಂದು ದೇಶದ ಅತ್ಯುನ್ನತ ನ್ಯಾಯಾಲಯ ನಾಲ್ಕು-ಮೂರು ಮತದಲ್ಲಿ ದೇಶದ ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. ಒಬ್ಬ ನ್ಯಾಯಾಧೀಶರ ಅಂತರ. ನಾನು ಆ ದೋಣಿಯ ಕಂಬಿ ಹಿಡಿದು ನಿಂತಾಗ ತಲೆಯಲ್ಲಿ ಓಡುತ್ತಿದ್ದುದು ಅದೊಂದೇ. ಒಬ್ಬರು ಆಚೆ ಕಡೆ ವಾಲಿದ್ದರೆ?

ಅಪ್ಪ ಪಕ್ಕದಲ್ಲೇ ಇದ್ದರು. ಕಣಿವೆಯ ಎರಡು ಬದಿಯ ಬಂಡೆ ನೋಡಿ, "ಒಳ್ಳೆ ಸೈಟು. ಕಟ್ಟೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ" ಅಂದರು. ನನಗೆ ಸ್ವಲ್ಪ ಸಿಟ್ಟೇ ಬಂತು. "ನಿಮಗೆ ಇಷ್ಟು ನೋಡಿದ ಮೇಲೂ ಹಾಗೇ ಅನ್ನಿಸುತ್ತಾ ಅಪ್ಪ?" ಅಂದೆ.

ಅವರು ಕೂಡಲೇ ಉತ್ತರ ಕೊಡಲಿಲ್ಲ. ಆಮೇಲೆ ನಾನು ಈವರೆಗೆ ಕೇಳಿರದ ಒಂದು ವಿಷಯ ಹೇಳಿದರು. ಅವರು ಕೆಲಸಕ್ಕೆ ಸೇರಿದ ಹೊಸತು. ಹಿನ್ನೀರಿನಲ್ಲಿ ಮುಳುಗಿದ ಊರಿನ ಒಬ್ಬ ಅಜ್ಜಿ ಪ್ರತಿ ಬೇಸಿಗೆಯಲ್ಲಿ ನೀರು ಇಳಿದಾಗ ಬರುತ್ತಿದ್ದರಂತೆ. ಬಸ್ಸಿಳಿದು, ಒಣಗಿದ ಕೆಸರಿನಲ್ಲಿ ನಡೆದುಕೊಂಡು ಹೋಗಿ, ಒಂದು ಕಲ್ಲಿನ ಮೇಲೆ ಕೂರುತ್ತಿದ್ದರು. ಅವರ ಮನೆಯ ಮೆಟ್ಟಿಲು ಅದು. ತಂದ ಬುತ್ತಿ ಅಲ್ಲೇ ಬಿಚ್ಚಿ ತಿಂದು ಸಂಜೆ ಬಸ್ಸಿಗೆ ವಾಪಸ್. "ಐದಾರು ವರ್ಷ ಬಂದರು. ನಾನೇ ಒಂದೆರಡು ಸಲ ನೀರು ಕೊಟ್ಟಿದ್ದೀನಿ. ಒಂದಿನವೂ ಬೈಲಿಲ್ಲ ಕಣಮ್ಮ. ಆ ವರ್ಷಗಳಲ್ಲೇ ಎಷ್ಟು ಊರಿಗೆ ಕರೆಂಟು ಬಂತು ಅಂತಲೂ ನನಗೆ ಗೊತ್ತು. ಎರಡೂ ನಾನೇ ಕಣ್ಣಾರೆ ನೋಡಿದ್ದು." ಇಷ್ಟು ಹೇಳಿ ಮತ್ತೆ ನೀರು ನೋಡತೊಡಗಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ.

ವಾಪಸ್ ಬರುವಾಗ ಹಾರ್ಬರ್‌ನಲ್ಲಿ ಸಾಲಾಗಿ ದುಂಡನೆಯ ಬಲೆಗೂಡುಗಳು ಕಾಣಿಸಿದವು. ಸಾಲ್ಮನ್ ಮೀನು ಸಾಕುವ ಗೂಡುಗಳು. ಊರಿಗೆ ಈಗ ಕೆಲಸ ಕೊಡುತ್ತಿರುವವುಗಳಲ್ಲಿ ಅದೂ ದೊಡ್ಡದು. ಇದೇ ನೀರಿನ ತಳದಲ್ಲಿ ಮಾಜಿಯನ್ ಸ್ಕೇಟ್ ಎಂಬ ಮೀನಿದೆ, ತೊರಕೆಯ ಹಾಗೆ ಚಪ್ಪಟೆ. ಡೈನೋಸಾರ್ ಕಾಲದ ಮೀನುಗಳ ವಂಶ ಅನ್ನುತ್ತಾರೆ. ಪ್ರಪಂಚದಲ್ಲಿ ಈಗ ಅದು ಬದುಕಿರುವುದು ಈ ಒಂದು ಬಂದರಿನಲ್ಲಿ ಅನ್ನಬಹುದು. ತಳದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿತ್ತು, 2014ರಿಂದ 2021ರ ನಡುವೆ ಅದರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಸಾಕಿದ ಮೀನಿನ ಗೂಡುಗಳನ್ನು ಕಡಿಮೆ ಮಾಡಬೇಕು ಅಂತ ವಿಜ್ಞಾನಿಗಳು, ಕೆಲಸ ಹೋಗುತ್ತದೆ ಅಂತ ಊರು. ಮತ್ತೆ ಅದೇ ಜಗಳ, ಅದೇ ಧಕ್ಕೆ. ನನ್ನ ಮನಸ್ಸು ಪೂರ್ತಿಯಾಗಿ ಆ ಮೀನಿನ ಕಡೆ. ಇನ್ನೊಂದು ಕೆಲಸ ಹುಡುಕಬಹುದು, ಅದಕ್ಕೆ ಸರ್ಕಾರ ದುಡ್ಡು ಕೊಡಬೇಕು, ಇನ್ನೊಂದು ಬಂದರು ಆ ಮೀನಿಗೆ ಇಲ್ಲ. ಆದರೆ ಬಲೆ ಮಡಿಲಲ್ಲಿಟ್ಟುಕೊಂಡಿದ್ದ ಆ ಹಿರಿಯರನ್ನು ನೋಡಿದ ಮೇಲೆ ಇದನ್ನು ಮೊದಲಿನಷ್ಟು ಸಲೀಸಾಗಿ ಹೇಳಲು ನನಗೆ ಬರುತ್ತಿಲ್ಲ.

ಕೊನೆಯ ಸಂಜೆ ಓಷನ್ ಬೀಚ್‌ಗೆ ಹೋದೆವು. ಊರಿಂದ ಸ್ವಲ್ಪ ದೂರ. 30 ಕಿ.ಮೀ.ಗೂ ಉದ್ದದ ಮರಳು, ಒಬ್ಬರೂ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಹಾರ್ಬರ್‌ನ ಒಳಗೆ ಸುಮಾರು 470 ಪೈಲಟ್ ತಿಮಿಂಗಿಲಗಳು ದಿಬ್ಬಕ್ಕೆ ಸಿಕ್ಕಿಕೊಂಡವು, ನೂರಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿದವು. ಚಳಿ ನೀರಿನಲ್ಲಿ ದಿನಗಟ್ಟಲೆ ನಿಂತು ಉಳಿಸಿದವರಲ್ಲಿ ಮೀನು ಸಾಕುವ ಕೆಲಸದವರೂ ಇದ್ದರು. ಎರಡು ವರ್ಷ ಕಳೆದು ಅದೇ ತಿಂಗಳಲ್ಲಿ ಈ ಬೀಚಿನಲ್ಲೇ ಇನ್ನೂ ಇನ್ನೂರಕ್ಕೂ ಹೆಚ್ಚು ಬಂದು ಬಿದ್ದವು. ಅದನ್ನು ಓದಿದ್ದರಿಂದಲೋ ಏನೋ, ಮರಳಿನ ಮೇಲೆ ಜೋರಾಗಿ ಮಾತಾಡಲು ಮನಸ್ಸು ಬರಲಿಲ್ಲ.

ನಾವು ಬಂದಿದ್ದು ಹಕ್ಕಿಗಳಿಗಾಗಿ. ಮಟನ್‌ಬರ್ಡ್ ಅನ್ನುತ್ತಾರೆ, ಪಾರಿವಾಳಕ್ಕಿಂತ ಸ್ವಲ್ಪ ದೊಡ್ಡ, ಕಂದು ಬಣ್ಣದ ಕಡಲಹಕ್ಕಿ. ಜೂನ್‌ನಿಂದ ಆಗಸ್ಟ್‌ವರೆಗೆ ಅವು ಇರುವುದು ಅಲಾಸ್ಕಾದ ಆಸುಪಾಸಿನ ಸಮುದ್ರದಲ್ಲಿ. ಸುಮಾರು 15,000 ಕಿ.ಮೀ. ಹಾರಿ ಸೆಪ್ಟೆಂಬರ್ ಕೊನೆಗೆ ಇಲ್ಲಿಗೆ ಬರುತ್ತವೆ, ಹಿಂದಿನ ವರ್ಷ ಬಿಟ್ಟುಹೋದ ಅದೇ ಬಿಲಕ್ಕೆ. ಹಗಲೆಲ್ಲ ಸಮುದ್ರದಲ್ಲಿ. ಕತ್ತಲಾದ ಮೇಲೆ ಮರಿಗಳಿಗೆ ತುತ್ತು ತರುತ್ತವೆ. ಏಪ್ರಿಲ್‌ನಲ್ಲಿ ದೊಡ್ಡವು ಮೊದಲೇ ಹೊರಟುಬಿಡುತ್ತವೆ, ಮರಿಗಳು ಎರಡು ಮೂರು ವಾರದ ನಂತರ ತಾವೇ ದಾರಿ ಹಿಡಿದು ಹೊರಡುತ್ತವೆ, ಯಾರೂ ತೋರಿಸದ ದಾರಿ.

ಅಲ್ಲಿ ಜನವರಿಯಲ್ಲಿ ಸೂರ್ಯ ಮುಳುಗುವುದು ಒಂಬತ್ತು ಗಂಟೆಯ ಹತ್ತಿರ. ಚಳಿಗೆ ಅಪ್ಪ ನನ್ನ ಶಾಲನ್ನೂ ಹೊದ್ದಿದ್ದರು. ಜೇಬಿಂದ ಕೈ ತೆಗೆದಾಗಲೆಲ್ಲ ಆ ಮರದ ಸಿಪ್ಪೆಯ ವಾಸನೆ ಬರುತ್ತಿತ್ತು. ಒಂಬತ್ತೂವರೆ ಆಯಿತು. ಏನೂ ಇಲ್ಲ. ಆಮೇಲೆ ನೀರಿನ ಮೇಲೆ ಮಸಿ ಚೆಲ್ಲಿದ ಹಾಗೆ ಒಂದು ಗೆರೆ. ಅದು ಹತ್ತಿರ ಬರುತ್ತಾ ಬರುತ್ತಾ ಬಿಡಿಬಿಡಿಯಾಯಿತು, ತಲೆಯ ಮೇಲೆ ರೆಕ್ಕೆಯ ಸುಯ್ಯೆಂಬ ಸದ್ದು, ಒಂದು, ಹತ್ತು, ಲೆಕ್ಕವೇ ಇಲ್ಲ. ಗಾಳಿಯಲ್ಲಿ ಅಷ್ಟು ಚೆಂದ ಹಾರುವ ಹಕ್ಕಿ ನೆಲಕ್ಕೆ ಇಳಿಯುವಾಗ ಧೊಪ್ಪೆಂದು ಬೀಳುತ್ತದೆ. ಒಂದು ಅಪ್ಪನ ಬೂಟಿನಿಂದ ಒಂದು ಮಾರು ದೂರದಲ್ಲಿ ಬಿತ್ತು. ಸ್ವಲ್ಪ ಹೊತ್ತು ಹಾಗೇ ಕೂತು ಸುಧಾರಿಸಿಕೊಂಡಿತು. ಹುಲ್ಲಿನ ನಡುವೆ ಎಷ್ಟೋ ಬಿಲಗಳು, ಎಲ್ಲ ಒಂದೇ ಥರ. ಅದು ಆ ಕಡೆ ಈ ಕಡೆ ನೋಡಲಿಲ್ಲ. ಎದ್ದು, ಓಲಾಡುತ್ತಾ ನೇರವಾಗಿ ಒಂದರ ಬಾಯಿಗೆ ಹೋಗಿ ಒಳಗೆ ಇಳಿಯಿತು. ಒಳಗಿಂದ ಮರಿಯ ಸಣ್ಣ ಕೂಗು ಕೇಳಿಸಿತು.

"ಗುರುತು ಹಿಡೀತು ನೋಡು" ಅಂದರು ಅಪ್ಪ, ಪಿಸುಮಾತಿನಲ್ಲಿ. ದಾರಿಗೆ ಬೆಳಕಿರಲಿ ಅಂತ ನೆಲಕ್ಕೆ ಹಿಡಿದಿದ್ದ ಟಾರ್ಚನ್ನು ಆರಿಸಿದರು. ನಾವು ಆ ಕತ್ತಲಲ್ಲೇ ನಿಂತಿದ್ದೆವು.